ಮೊದಲ ಸುತ್ತು ಕೇಳೋದಕ್ಕೆ, ಎರಡನೇ ಸುತ್ತು ಕೊಳ್ಳೋದಕ್ಕೆ

ಇಸ್ತಾಂಬುಲ್‌ನಲ್ಲಿ ಮೂರು ದಿನ ಅರಮನೆ, ಮಸೀದಿ ಅಂತ ಓಡಾಡಿದ ಮೇಲೆ ನಾಲ್ಕನೇ ದಿನವನ್ನು ಬರೀ ಸುತ್ತಾಡೋಕೆ ಅಂತ ಇಟ್ಟುಕೊಂಡೆ. ಅದು ಶನಿವಾರ. ಅಲ್ಲಿನ ಹಳೇ ಮಾರ್ಕೆಟ್ ಗ್ರ್ಯಾಂಡ್ ಬಜಾರ್ ಭಾನುವಾರ ಬಾಗಿಲು ಹಾಕಿರುತ್ತದೆ, ಹೋಗುವವರು ನೆನಪಿಟ್ಟುಕೊಳ್ಳಿ.

ನನಗೆ ಮಾರ್ಕೆಟ್ ಸುತ್ತೋದು ಕಲಿಸಿದ್ದು ಅಮ್ಮ. ಮೈಸೂರಿನ ದೇವರಾಜ ಮಾರ್ಕೆಟ್ಟಿಗೆ ಚಿಕ್ಕ ಗಡಿಯಾರದ ಕಡೆಯಿಂದ ಹೊಕ್ಕರೆ, ಧನ್ವಂತರಿ ರಸ್ತೆ ಮುಟ್ಟುವ ತನಕ ಅವರು ಏನೂ ಕೊಳ್ಳೋದಿಲ್ಲ. ಮಲ್ಲಿಗೆ ಮೊಳ ಎಷ್ಟು, ರಸಬಾಳೆ ಬಂದಿದೆಯಾ, ಸುಮ್ನೆ ಕೇಳಿಕೊಂಡು ನಡೆಯೋದು. ಚೀಲ ತುಂಬೋದು ವಾಪಸು ಬರುವಾಗ. ಹಿಂದಿನ ಸಂಜೆ ನಾನು ಇದನ್ನು ಮರೆತು, ಹೋಟೆಲ್ ಪಕ್ಕದ ಅಂಗಡಿಯಲ್ಲೇ ಒಂದು ಶಾಲು ತಗೊಂಡಿದ್ದೆ. ಎರಡು ಬೀದಿ ಆಚೆ ಅದೇ ಶಾಲು ಅರ್ಧ ಬೆಲೆಗೆ ನೇತಾಡುತ್ತಿತ್ತು. ರಾತ್ರಿಯೆಲ್ಲ ಅದೇ ಯೋಚನೆ.

ಗ್ರ್ಯಾಂಡ್ ಬಜಾರ್ ಶುರುವಾಗಿದ್ದು 1455ರ ಸುಮಾರಿಗೆ, ಸುಲ್ತಾನ್ ಎರಡನೇ ಮೆಹಮದ್ ಕಾಲದಲ್ಲಿ. ಸುಮಾರು 4,000 ಅಂಗಡಿ, 60ಕ್ಕೂ ಜಾಸ್ತಿ ಬೀದಿ, ಎಲ್ಲದರ ಮೇಲೂ ಕಮಾನಿನ ಚಾವಣಿ. ನುರುಒಸ್ಮಾನಿಯೆ ಬಾಗಿಲಿಂದ ಬೆಯಾಜಿತ್ ಬಾಗಿಲಿಗೆ ಚಿನ್ನದಂಗಡಿಗಳ ದೊಡ್ಡ ಬೀದಿ ನೇರ ಹೋಗುತ್ತದೆ. ಅದನ್ನೇ ಗುರುತು ಇಟ್ಟುಕೊಂಡು ಅಡ್ಡ ಓಣಿಗಳಿಗೆ ನುಗ್ಗಿದೆ. ದಾರಿ ತಪ್ಪಿದರೆ ಮತ್ತೆ ಚಿನ್ನದ ಬೀದಿಗೇ ಬರೋದು. ಒಂದೂವರೆ ಗಂಟೆ ಬರೀ ಕೇಳಿದೆ, ನೋಡಿದೆ, ಮುಟ್ಟಿದೆ.

ಮನಸ್ಸು ನಿಂತಿದ್ದು ಒಂದು ತಾಮ್ರದ ಜೆಜ್ವೆ ಮೇಲೆ. ಕಾಫಿ ಕಾಯಿಸುವ ಪುಟ್ಟ ಪಾತ್ರೆ, ಉದ್ದ ಹಿಡಿ, ಮೈತುಂಬ ಸುತ್ತಿಗೆಯ ಗುರುತು. ತಿರುಗಿಸಿ ಒಳಗೆ ನೋಡಿದೆ. ಬೆಳ್ಳಗೆ ಹೊಳೆಯುತ್ತಿತ್ತು. ಬಾಯಿಗೆ ಬಂದಿದ್ದು ನಮ್ಮ ಮಾತೇ: "ಕಲಾಯಿ!" ಅಂಗಡಿಯವರ ಮುಖ ಅರಳಿತು. "ಕಲಾಯ್, ಕಲಾಯ್" ಅಂತ ತಲೆಯಾಡಿಸಿದರು. ತಾಮ್ರದ ಪಾತ್ರೆಯ ಒಳಗೆ ಬಳಿಯುವ ತವರ ಲೋಹಕ್ಕೆ ತುರ್ಕಿ ಭಾಷೆಯಲ್ಲೂ ಅದೇ ಹೆಸರು! ಚಹಾ ತರಿಸಿದರು. ನಡು ಸಣ್ಣಗಿರುವ ಗಾಜಿನ ಲೋಟ, ಹಿಡಿ ಇಲ್ಲ, ಸುಡದಂತೆ ಅಂಚು ಹಿಡಿದು ಕುಡಿಯಬೇಕು. ಆದರೂ ಆಗಲೇ ಕೊಳ್ಳಲಿಲ್ಲ. ಇನ್ನೂ ಮೂರು ಅಂಗಡಿಯಲ್ಲಿ ಕೇಳಿ, ಕೊನೆಗೆ ಅವರ ಹತ್ತಿರಾನೇ ಬಂದೆ. ಮೊದಲು ಹೇಳಿದ್ದಕ್ಕಿಂತ ಕಡಿಮೆಗೆ ಕೊಟ್ಟರು. ನಾನೂ ಇನ್ನು ಚೌಕಾಸಿ ಮಾಡಲಿಲ್ಲ.

ಮಧ್ಯಾಹ್ನ ಇಳಿಜಾರಿನ ಬೀದಿಗಳಲ್ಲಿ ಎಮಿನೊನು ದೋಣಿಕಟ್ಟೆಗೆ ಇಳಿದು, ಆಚೆ ದಡದ ಕಾದಿಕೊಯ್‌ಗೆ ಹೋಗುವ ಫೆರಿ ಹತ್ತಿದೆ. ಯುರೋಪಿನಿಂದ ಏಷ್ಯಾಕ್ಕೆ ಇಪ್ಪತ್ತೇ ನಿಮಿಷ. ಎಳ್ಳು ಮೆತ್ತಿದ ಸಿಮಿತ್ ರೊಟ್ಟಿಯನ್ನು ಜನ ಚೂರು ಮಾಡಿ ಎಸೆಯುತ್ತಿದ್ದರು, ಕಡಲ ಹಕ್ಕಿಗಳು ಗಾಳಿಯಲ್ಲೇ ಹಿಡಿಯುತ್ತಿದ್ದವು. ಜೆಜ್ವೆ ಮಡಿಲಲ್ಲಿತ್ತು.

ಮನೆಗೆ ಬಂದ ಮೇಲೆ ಅಮ್ಮನ ಕೈಗೆ ಕೊಟ್ಟೆ. ಒಳಗೆ ಬೆರಳು ಹಾಕಿ ಸವರಿ ನೋಡಿದರು. "ಕಲಾಯಿ ಚೆನ್ನಾಗಿ ಕೂತಿದೆ. ಎಷ್ಟಕ್ಕೆ ಕೊಟ್ಟರು?" ಅಂದರು.