ತೋಟದ ಕೆಸರಿನಲ್ಲಿ ಜಿಪ್ಸಿ: ನನ್ನ ಅನುಭವ

ಕೊಡಗಿನ ನಾಪೋಕ್ಲು ಕಡೆಯ ನಮ್ಮ ಕಾಫಿ ತೋಟಕ್ಕೆ ಮಳೆಗಾಲದಲ್ಲಿ ಇಳಿಯುವುದು ಇಂದಿಗೂ ಮಾರುತಿ ಜಿಪ್ಸಿಯೇ. 1985ರಲ್ಲಿ ಈ ಗಾಡಿ ಬಂದಾಗ 970 ಸಿಸಿ ಎಂಜಿನ್ನು ಇತ್ತು. 1996ರಲ್ಲಿ 1.3 ಲೀಟರಿನದು ಬಂತು. ನನ್ನದು ಆ ಎರಡನೆಯದು.

ಹೊರೆ ಹೇರಲು ಡೀಸೆಲ್ ಜೀಪೇ ಮೇಲು, ಅದನ್ನು ಒಪ್ಪಲೇಬೇಕು. ಆದರೆ ಜಿಪ್ಸಿಯ ತೂಕ ಸುಮಾರು ಒಂದು ಟನ್ ಅಷ್ಟೇ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ತೋಟದ ದಾರಿ ಬೆಣ್ಣೆಯಂತಾದಾಗ ಭಾರದ ಗಾಡಿ ಹೂತು ನಿಲ್ಲುತ್ತದೆ, ಇದು ದಾಟಿಕೊಂಡು ಹೋಗುತ್ತದೆ. ಹೂತರೂ ತೋಟದಲ್ಲಿದ್ದವರು ಸೇರಿ ತಳ್ಳಿದರೆ ಸಾಕು. ಇಲ್ಲಿನವರು ಇದನ್ನು ಅಷ್ಟು ಹಚ್ಚಿಕೊಂಡಿದ್ದು ಈ ಹಗುರತನಕ್ಕೇ ಎಂದು ನನ್ನ ನಂಬಿಕೆ.

ಕಡಿದಾದ ಇಳಿಜಾರಿನಲ್ಲಿ ಫೋರ್ ವೀಲ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ, ಬಲದ ಗೇರ್), ಒಂದನೇ ಗೇರ್. ಬ್ರೇಕ್ ಮುಟ್ಟುವುದಿಲ್ಲ, ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಟಾರು ರಸ್ತೆ ಸಿಕ್ಕ ಕೂಡಲೇ ಟೂ ವೀಲ್‌ಗೆ ಹಾಕುತ್ತೇನೆ. ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ನಡುವಿನ ಡಿಫರೆನ್ಶಿಯಲ್ ಇದರಲ್ಲಿ ಇಲ್ಲ ಅಲ್ವಾ, ಗಟ್ಟಿ ನೆಲದಲ್ಲಿ ಫೋರ್ ವೀಲ್‌ನಲ್ಲೇ ತಿರುವು ತೆಗೆದರೆ ಗೇರುಗಳ ಮೇಲೆ ಸುಮ್ನೆ ಒತ್ತಡ. ತೊರೆಯ ನೀರಿನಲ್ಲಿ ಆಳವಾಗಿ ಇಳಿದು ಬಂದರೆ ಮುಂದಿನ, ಹಿಂದಿನ ಆಕ್ಸಲ್‌ಗಳ ಡಿಫರೆನ್ಶಿಯಲ್ ಆಯಿಲ್ ನೋಡಲೇಬೇಕು. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ಅರ್ಥ, ಕೂಡಲೇ ಬದಲಾಯಿಸುತ್ತೇನೆ. ವೇಗದಲ್ಲಿ ಸ್ಟೇರಿಂಗ್ ಅದುರಿದಾಗ ಎಲ್ಲರೂ ವೀಲ್ ಬ್ಯಾಲೆನ್ಸ್ ಮಾಡಿಸು ಎನ್ನುತ್ತಾರೆ. ನಾನು ಮೊದಲು ಕಿಂಗ್ ಪಿನ್ ಬೇರಿಂಗ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಕೀಲಿನದು) ನೋಡುತ್ತೇನೆ.

ಇಷ್ಟು ಗಟ್ಟಿ ಗಾಡಿಗೆ ಗಿರಾಕಿ ಕಡಿಮೆಯಾದದ್ದು ಯಾಕೆ? ಪೆಟ್ರೋಲ್ ಖರ್ಚು ಜಾಸ್ತಿ. 2000ದ ಹೊತ್ತಿಗೆ 16 ವಾಲ್ವಿನ ಎಂಜಿನ್ ಬಂದರೂ ಉಕ್ಕಿನ ಪಟ್ಟಿಗಳ ಲೀಫ್ ಸ್ಪ್ರಿಂಗಿನ ಕುಲುಕಾಟ ಹೋಗಲಿಲ್ಲ. ಮನೆಯವರೆಲ್ಲ ಸೇರಿ ಮೈಸೂರಿಗೆ ಹೋಗುವ ಗಾಡಿ ಅಲ್ಲ ಇದು. ಕೊನೆಗೆ ಸೈನ್ಯದ ಬೇಡಿಕೆಯೇ ಇದನ್ನು ಉಳಿಸಿತ್ತು. ಹೊಸ ಸುರಕ್ಷತಾ ನಿಯಮಗಳು ಬಂದಾಗ ಏರ್‌ಬ್ಯಾಗ್, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ) ಇಲ್ಲದ ಈ ಹಳೇ ಮೈಕಟ್ಟಿಗೆ ಜಾಗ ಉಳಿಯಲಿಲ್ಲ. 2019ರಲ್ಲಿ ಸಾಮಾನ್ಯ ಗಿರಾಕಿಗಳಿಗೆ ಮಾರಾಟ ನಿಂತಿತು. ನಿಯಮ ಸರಿಯಾದದ್ದೇ, ಜೀವದ ಪ್ರಶ್ನೆ ಅದು. ಆದರೂ ನನಗೆ ಬೇಸರವಾಯಿತು. 2023ರಲ್ಲಿ ಬಂದ ಜಿಮ್ನಿ ಇದೇ ವಂಶದ್ದು. ಕೂರಲು ಹಾಯಾಗಿದೆ, ಆದರೆ ತೋಟದ ಮುಳ್ಳುಕಂಟಿಗೆ ಅದರ ಪೇಂಟ್ ಒಡ್ಡಲು ಮನಸ್ಸು ಬರುವುದಿಲ್ಲ.

ಹಳೆಯ ಜಿಪ್ಸಿ ಕೊಳ್ಳುವವರು ಎಂಜಿನ್ ಸದ್ದಿಗೆ ಮರುಳಾಗಬೇಡಿ. ಮ್ಯಾಟ್ ಎತ್ತಿ ಗಾಡಿಯ ನೆಲ ತುಕ್ಕು ಹಿಡಿದಿದೆಯೇ ನೋಡಿ. ಆಮೇಲೆ ಗಾಡಿಯ ಕೆಳಗೆ ಮಲಗಿ, ಹಿಂದಿನ ಸ್ಪ್ರಿಂಗ್ ಕೂರುವ ಕಡೆ ಚಾಸಿಯನ್ನು (ಗಾಡಿಯ ಉಕ್ಕಿನ ಚೌಕಟ್ಟನ್ನು) ಸುತ್ತಿಗೆಯಿಂದ ತಟ್ಟಿ. ನಮ್ಮ ಮಳೆಗೆ ಮೊದಲು ತುಕ್ಕು ಹಿಡಿಯುವುದು ಅಲ್ಲೇ. ಟಣ್ ಎನ್ನದೆ ಮಂಕು ಸದ್ದು ಬಂದರೆ ಬಿಟ್ಟುಬಿಡಿ. ಎಂಜಿನ್ ಕೆಲಸವನ್ನು ಯಾವಾಗ ಬೇಕಾದರೂ ಮಾಡಿಸಬಹುದು.