ಬೇಸಿಗೆಗೆ ಕಳೆ ಕೊಚ್ಚುವ ಮೆಷಿನ್ ಎತ್ತಿಡುವ ಮುಂಚೆ

ಬದಿಯಡ್ಕದ ನಮ್ಮ ಅಡಿಕೆ ತೋಟದಲ್ಲಿ ಜೂನ್ ಮಳೆ ಹಿಡಿದರೆ ಹುಲ್ಲು ಮೊಣಕಾಲಿಗೆ ಬರುತ್ತದೆ. ಕಳೆದ ವರ್ಷ ಸರಿಯಾಗಿ ಆಗಲೇ ಮೆಷಿನ್ ಕೈಕೊಟ್ಟಿತು. ಹಗ್ಗ ಎಳೆದೂ ಎಳೆದೂ ಭುಜ ನೋವು ಬಂತು, ಸ್ಟಾರ್ಟ್ ಮಾತ್ರ ಆಗಲಿಲ್ಲ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಬಿಚ್ಚಿದರೆ ಒಳಗೆ ಹಲಸಿನ ಮೇಣದ ಹಾಗೆ ಅಂಟು, ಮೂಗಿಗೆ ಹೊಡೆಯುವ ಹುಳಿ ವಾಸನೆ. ಬೇಸಿಗೆಯಿಡೀ ಸುಮ್ನೆ ಬಿಟ್ಟ ಪೆಟ್ರೋಲ್ ಹಾಗಾಗಿತ್ತು. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುತ್ತದಲ್ವಾ, ಅದು ಗಾಳಿಯ ಪಸೆಯನ್ನೂ ಎಳೆದುಕೊಳ್ಳುತ್ತದೆ. ಕ್ಲೀನರ್ ಸ್ಪ್ರೇ ಹೊಡೆದು ತೊಳೆದ ಮೇಲೆ ಸರಿಯಾಯಿತು.

ಈ ಸಲ ಕೆಲಸ ಮುಗಿದ ಕೂಡಲೇ ಟ್ಯಾಂಕ್ ಖಾಲಿ ಮಾಡಿದೆ. ಪೈಪಿನಲ್ಲಿ ಉಳಿದದ್ದು ಮುಗಿದು ತಾನಾಗಿ ನಿಲ್ಲುವವರೆಗೆ ಓಡಿಸಿದೆ. ಇಂಜಿನ್ ತಣಿದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿಗೆ ಅರ್ಧ ಚಮಚ ಟೂ ಸ್ಟ್ರೋಕ್ ಆಯಿಲ್ ಬಿಟ್ಟು, ಹಗ್ಗವನ್ನು ಮೆಲ್ಲಗೆ 3 ಸಲ ಎಳೆದು ಪ್ಲಗ್ ಹಾಕಿದೆ. ಬ್ಲೇಡಿಗೂ ಎಣ್ಣೆ ಸವರಿದೆ.

ಮೊನ್ನೆ ಹೊಸ ಪೆಟ್ರೋಲ್ ಹಾಕಿದೆ. ನಾಲ್ಕನೇ ಎಳೆತಕ್ಕೆ ಸ್ಟಾರ್ಟ್ ಆಯಿತು!