ಕಾಲು ಎಟಕುತ್ತಿಲ್ಲವಾ? ಬೈಕ್ ತಗ್ಗಿಸುವ ಮುಂಚೆ ಇಷ್ಟು ನೋಡಿ

ನನ್ನ ಎತ್ತರ 5 ಅಡಿ 2 ಇಂಚು. ಬೈಕ್ ನೋಡಲು ಹೋದಾಗಲೆಲ್ಲ ಮಾರುವವರು ಮೊದಲು ನನ್ನ ಕಾಲು ನೋಡುತ್ತಾರೆ, ಆಮೇಲೆ ಸುಮ್ನೆ ಸ್ಕೂಟರ್ ನಿಂತಿರುವ ಕಡೆ ಕೈ ತೋರಿಸುತ್ತಾರೆ. ನಾನು ಗೇರ್ ಗಾಡಿಯನ್ನೇ ಓಡಿಸುತ್ತಾ ಬಂದಿದ್ದೇನೆ. ಇಷ್ಟು ದಿನದಲ್ಲಿ ಎರಡು ಸಲ ಬೀಳಿಸಿದ್ದೇನೆ. ಎರಡೂ ಸಲ ಗಾಡಿ ನಿಂತೇ ಇತ್ತು! ಕುಳ್ಳಗಿರುವವರ ಕಷ್ಟವೆಲ್ಲ ನಿಲ್ಲಿಸುವಾಗ ಮತ್ತು ತಳ್ಳುವಾಗ. ಓಡುತ್ತಿರುವ ಗಾಡಿಗೆ ನಿಮ್ಮ ಎತ್ತರ ಗೊತ್ತೇ ಆಗುವುದಿಲ್ಲ.

ಮೊದಲು ಅಳತೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಗಟ್ಟಿ ರಟ್ಟಿನ ಪುಸ್ತಕವೊಂದನ್ನು ಎರಡು ತೊಡೆಗಳ ನಡುವೆ ಸೀಟಿನ ಹಾಗೆ ಬಿಗಿಯಾಗಿ ಮೇಲಕ್ಕೆ ಒತ್ತಿ, ಅದರ ಮೇಲಂಚು ಗೋಡೆಗೆ ತಾಗುವಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿ. ನೆಲದಿಂದ ಆ ಗುರುತಿನವರೆಗೆ ಎಷ್ಟಿದೆಯೋ ಅದೇ ನಿಮ್ಮ ಕಾಲಿನ ಒಳ ಅಳತೆ. ನನ್ನದು 715 ಮಿ.ಮೀ. ಈಗ 800 ಮಿ.ಮೀ. ಸೀಟ್ ಹೈಟ್ ಇರುವ ಗಾಡಿ ನೋಡಿದರೆ 85 ಮಿ.ಮೀ. ಕಡಿಮೆ ಬೀಳುತ್ತದೆ, ಆಗೋದೇ ಇಲ್ಲ ಅನ್ನಿಸುತ್ತದೆ ಅಲ್ವಾ? ಆದರೆ ಬೂಟಿನ ಅಟ್ಟೆ 30 ಮಿ.ಮೀ. ಕೊಡುತ್ತದೆ. ನಾನು ಕೂತಾಗ ಸಸ್ಪೆನ್ಶನ್ ಇನ್ನೊಂದು 30 ಮಿ.ಮೀ. ತಗ್ಗುತ್ತದೆ. ಉಳಿದದ್ದು 25. ತುದಿಗಾಲಲ್ಲಿ ನಿಂತರೆ ಅದು ಸಿಕ್ಕಿಬಿಡುತ್ತದೆ.

ಈ ಲೆಕ್ಕವನ್ನು ಕೆಡಿಸುವುದು ಸೀಟಿನ ಅಗಲ. ಕಾಲು ನೇರ ಕೆಳಗೆ ಹೋಗುವುದಿಲ್ಲ, ಸೀಟನ್ನು ಬಳಸಿಕೊಂಡು ಹೋಗಬೇಕು. ಮುಂದುಗಡೆ ಅಗಲವಾದ ಸೀಟ್ ಇದ್ದರೆ ತೊಡೆ ಅಲ್ಲೇ ಹರಡಿಕೊಂಡು, ಕಾಲಿನ ಉದ್ದ ಅಲ್ಲೇ ಖರ್ಚಾಗಿಬಿಡುತ್ತದೆ. ಹೋಂಡಾ ಸಿಆರ್‌ಎಫ್300ಎಲ್ ನೋಡಿ, ಸೀಟ್ 880 ಮಿ.ಮೀ., ಕಾಗದದ ಮೇಲೆ ನನ್ನಂಥವರು ಹತ್ತಿರವೂ ಹೋಗಬಾರದು. ಆದರೆ ಸೀಟ್ ಹಲಗೆಯ ಹಾಗೆ ಕಿರಿದು, ಸಸ್ಪೆನ್ಶನ್ ಮೆತ್ತಗೆ, ತೂಕ ಸುಮಾರು 142 ಕೆ.ಜಿ. ಅಷ್ಟೇ. ಕೂತರೆ ಚೆನ್ನಾಗಿ ಕುಸಿಯುತ್ತದೆ, ಒಂದು ಕಾಲು ಊರಿದರೂ ತಡೆದು ಹಿಡಿಯಬಹುದು. ಅದಕ್ಕೇ ಸೀಟ್ ಹೈಟ್ ಒಂದನ್ನೇ ನೋಡಿ ಗಾಡಿಯನ್ನು ತಳ್ಳಿಹಾಕಬೇಡಿ, ಅದೊಂದನ್ನೇ ನೋಡಿ ಒಪ್ಪಿಕೊಳ್ಳಲೂ ಬೇಡಿ.

ತಗ್ಗಿನ ಗಾಡಿಗಳೂ ಬೇಕಾದಷ್ಟಿವೆ. ಹೋಂಡಾ ರೆಬೆಲ್ 500 ಸೀಟ್ 690 ಮಿ.ಮೀ., ಕವಾಸಾಕಿ ವಲ್ಕನ್ ಎಸ್ 705, ರಾಯಲ್ ಎನ್‌ಫೀಲ್ಡ್ ಮೀಟಿಯೋರ್ 350 ಸೀಟ್ 765. ಇಂಥ ಗಾಡಿಗಳಿಗೆ ಕ್ರೂಸರ್ ಅನ್ನುತ್ತಾರೆ, ಅವುಗಳಲ್ಲಿ ಒಂದು ಕಿರಿಕಿರಿ ಇದೆ: ಸೀಟ್ ತಗ್ಗು, ಆದರೆ ಫುಟ್‌ರೆಸ್ಟ್ ಮುಂದಕ್ಕಿರುತ್ತದೆ. ನಿಂತಾಗ ಪಾದ ಆರಾಮಾಗಿ ನೆಲದ ಮೇಲೆ, ಓಡಿಸುವಾಗ ಗೇರ್ ಹಾಕಲು ಕಾಲು ಚಾಚಿ ಚಾಚಿ ಸೊಂಟ ನೋವು. ವಲ್ಕನ್ ಎಸ್‌ನಲ್ಲಿ ಫುಟ್‌ರೆಸ್ಟ್, ಹ್ಯಾಂಡಲ್, ಸೀಟ್ ಮೂರನ್ನೂ ಸವಾರರ ಮೈಕಟ್ಟಿಗೆ ಹೊಂದಿಸುವ ವ್ಯವಸ್ಥೆ ಕೊಟ್ಟಿದ್ದಾರೆ, ಅದು ನನಗೆ ಇಷ್ಟ. ಕಚ್ಚಾ ರಸ್ತೆಯಲ್ಲೂ ಹೋಗುವ ದೊಡ್ಡ ಅಡ್ವೆಂಚರ್ ಗಾಡಿಯೇ ಬೇಕು ಅನ್ನುವವರಿಗೆ ಹಾರ್ಲಿ-ಡೇವಿಡ್‌ಸನ್ 2021ರಲ್ಲಿ ತಂದ ಪ್ಯಾನ್ ಅಮೆರಿಕ 1250 ಸ್ಪೆಷಲ್ ಇದೆ. ಗಾಡಿ ನಿಲ್ಲುವ ಹೊತ್ತಿಗೆ ಸಸ್ಪೆನ್ಶನ್ ತಾನೇ ತಗ್ಗಿ, ಹೊರಟ ಮೇಲೆ ಮತ್ತೆ ಏಳುವ ಸೌಲಭ್ಯ ಅದರಲ್ಲಿ ಸಿಗುತ್ತದೆ.

ನೋಡಲು ಹೋದಾಗ ನೀವು ದಿನಾ ಹಾಕುವ ಬೂಟನ್ನೇ ಹಾಕಿಕೊಂಡು ಹೋಗಿ. ಸುಮ್ನೆ ಕೂತು ಇಳಿದು ಬರಬೇಡಿ. ಸೈಡ್ ಸ್ಟ್ಯಾಂಡ್‌ನಲ್ಲಿ ವಾಲಿರುವ ಗಾಡಿಯನ್ನು ಕೂತಲ್ಲಿಂದಲೇ ನೇರ ಮಾಡಿ. ಅದೇ ನಿಜವಾದ ಪರೀಕ್ಷೆ. ಆಮೇಲೆ ಕೂತೇ ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಿ. ಹ್ಯಾಂಡಲ್ ಪೂರ್ತಿ ಒಂದು ಕಡೆ ತಿರುಗಿಸಿದಾಗ ಆಚೆ ಕೈ ಹಿಡಿ ಬಿಟ್ಟುಹೋಗುತ್ತದಾ ನೋಡಿ. ಶೋರೂಮಿನ ಗಾಡಿಯಲ್ಲಿ ಪೆಟ್ರೋಲ್ ಹನಿ ಮಾತ್ರ ಇರುತ್ತದೆ ಅನ್ನುವುದೂ ನೆನಪಿರಲಿ. ಲೀಟರಿಗೆ ಮುಕ್ಕಾಲು ಕೆ.ಜಿ. ಹಿಡಿದರೆ 15 ಲೀಟರ್ ಟ್ಯಾಂಕ್ ತುಂಬಿದಾಗ 11 ಕೆ.ಜಿ. ಸೇರಿಕೊಳ್ಳುತ್ತದೆ, ಅದೂ ಗಾಡಿಯ ಮೇಲ್ಭಾಗದಲ್ಲಿ. ವಾಲುವಾಗ ಆ 11 ಕೆ.ಜಿ. ಚೆನ್ನಾಗಿಯೇ ಗೊತ್ತಾಗುತ್ತದೆ.

ಈಗ ನಿಮ್ಮ ಹತ್ತಿರ ಇರುವ ಗಾಡಿಯ ಮಾತು. ಎಲ್ಲರೂ ಮೊದಲು ಕೇಳುವುದು ಎಷ್ಟು ತಗ್ಗಿಸಬಹುದು ಅಂತ. ನಾನು ಹೇಳುವುದಾದರೆ ಅದು ಕಟ್ಟಕಡೆಯ ಕೆಲಸ. ಮೊದಲು ನಿಲ್ಲಿಸುವ ರೀತಿ ಬದಲಾಯಿಸಿ. ಎರಡೂ ಕಾಲು ಊರಬೇಕು ಅನ್ನುವ ಹಟ ಬಿಟ್ಟುಬಿಡಿ. ಬಲಗಾಲು ಹಿಂದಿನ ಬ್ರೇಕ್ ಮೇಲೆ ಇರಲಿ. ಗಾಡಿ ನಿಲ್ಲುವ ಕ್ಷಣದಲ್ಲಿ ಕುಂಡೆಯನ್ನು ಅರ್ಧ ಸೀಟಿನಷ್ಟು ಎಡಕ್ಕೆ ಜಾರಿಸಿ, ಎಡ ಪಾದ ಪೂರ್ತಿ ಊರಿ. ಎರಡು ತುದಿಗಾಲಿಗಿಂತ ಪೂರ್ತಿ ಊರಿದ ಒಂದು ಪಾದ ಎಷ್ಟೋ ಗಟ್ಟಿ. ನಿಲ್ಲುವಾಗ ಹ್ಯಾಂಡಲ್ ನೇರವಾಗಿರಬೇಕು. ಹ್ಯಾಂಡಲ್ ತಿರುಗಿರುವಾಗ ನಿಧಾನ ವೇಗದಲ್ಲಿ ಮುಂದಿನ ಬ್ರೇಕ್ ಹಿಡಿದರೆ ಗಾಡಿ ತಿರುಗಿದ ಕಡೆಗೇ ದಪ್ಪನೆ ವಾಲುತ್ತದೆ, ಆಗ ತಡೆಯಲು ನಮ್ಮ ಕಾಲು ಸಾಲದು.

ಎಲ್ಲಿ ನಿಲ್ಲುತ್ತೀರಿ ಅನ್ನುವುದೂ ಅಷ್ಟೇ ಮುಖ್ಯ. ನನ್ನ ಮೊದಲ ಬೀಳು ಹೀಗೇ ಆಗಿದ್ದು. ರಸ್ತೆ ಎಡ ಅಂಚಿಗೆ ಇಳಿಜಾರು ಇತ್ತು, ನಾನು ಅಂಚಿನಲ್ಲೇ ನಿಲ್ಲಿಸಿ ಎಡಗಾಲು ಇಟ್ಟೆ. ಕಾಲು ಕೆಳಗೆ ಹೋಗುತ್ತಲೇ ಇದೆ, ನೆಲ ಮಾತ್ರ ಸಿಗುತ್ತಿಲ್ಲ. ಸಿಗುವ ಹೊತ್ತಿಗೆ ಗಾಡಿ ನನ್ನ ಕೈಮೀರಿತ್ತು. ಅಲ್ಲಿಂದಾಚೆಗೆ ನಿಲ್ಲುವ ಜಾಗವನ್ನು ನಾಲ್ಕು ಮಾರು ಮುಂಚೆಯೇ ನೋಡಿಟ್ಟುಕೊಳ್ಳುತ್ತೇನೆ: ಎತ್ತರ ಯಾವ ಕಡೆ, ಜಲ್ಲಿ ಇದೆಯಾ, ಗುಂಡಿ ಇದೆಯಾ. ಎತ್ತರ ಇರುವ ಕಡೆಯ ಕಾಲು ಊರುವುದು, ಅಷ್ಟೇ. ಪಾರ್ಕಿಂಗ್‌ನಲ್ಲಿ ಮೂತಿ ಇಳಿಜಾರಿನ ಕಡೆ ಮಾಡಿ ಗಾಡಿ ನುಗ್ಗಿಸಬೇಡಿ, ಹಿಂದಕ್ಕೆ ತೆಗೆಯಲು ಕಾಲಿಗೆ ಬಲ ಸಿಗುವುದಿಲ್ಲ. ಭಾರದ ಗಾಡಿಯಾದರೆ ಇಳಿದು, ಪಕ್ಕದಲ್ಲಿ ನಿಂತು, ಸೊಂಟಕ್ಕೆ ಒರಗಿಸಿಕೊಂಡು ತಳ್ಳಿ. ಇದರಲ್ಲಿ ಅವಮಾನ ಏನೂ ಇಲ್ಲ.

ಇದರ ನಂತರ ಬೂಟು. ಅಟ್ಟೆ ದಪ್ಪ ಇರುವ, ಹಿಡಿತ ಇರುವ ಬೂಟು. ಅಟ್ಟೆ ಜಾಸ್ತಿ ದಪ್ಪವಾದರೆ ಗೇರ್ ಲೀವರ್ ಕೆಳಗೆ ಪಾದ ನುಗ್ಗುವುದಿಲ್ಲ, ಲೀವರನ್ನು ಸ್ವಲ್ಪ ಮೇಲಕ್ಕೆ ಹೊಂದಿಸಿಕೊಳ್ಳಿ.

ಸೀಟ್ ಕೆಲಸಕ್ಕೆ ಕೈ ಹಾಕುವುದಾದರೆ ಮೊದಲು ಬದಿಗಳನ್ನು ಕೊರೆಸಿ, ಮೇಲ್ಭಾಗವನ್ನು ಆಮೇಲೆ ನೋಡಿ. ಸೀಟ್ ಮೇಲೆ ಕೂತು ಕಾಲು ಕೆಳಗೆ ಬಿಟ್ಟಾಗ ತೊಡೆಯ ಒಳಭಾಗ ಎಲ್ಲಿ ಒತ್ತುತ್ತದೋ ಅಲ್ಲಿ ಸ್ಕೆಚ್ ಪೆನ್‌ನಿಂದ ಗುರುತು ಮಾಡಿ. ಕವರ್ ಬಿಚ್ಚಿ, ಆ ಗುರುತಿನ ಕಡೆ ಫೋಮನ್ನು ಸ್ವಲ್ಪ ಸ್ವಲ್ಪವೇ ತೆಗೆಯಬೇಕು, ತೆಗೆದು ಕೂತು ನೋಡಬೇಕು, ಮತ್ತೆ ತೆಗೆಯಬೇಕು. ಕೊರೆದ ಫೋಮ್ ವಾಪಸ್ ಬರುವುದಿಲ್ಲ. ಮೇಲಿಂದಲೇ ಜಾಸ್ತಿ ತೆಗೆದರೆ ಒಂದು ಗಂಟೆ ಓಡಿಸಿದ ಮೇಲೆ ಕೆಳಗಿನ ಗಟ್ಟಿ ತಳ ಕುಂಡೆಗೆ ಒತ್ತಲು ಶುರು. ಮುಂದಕ್ಕೆ ಇಳಿಜಾರು ಬಂದರೆ ಪ್ರತಿ ಬ್ರೇಕಿಗೂ ಟ್ಯಾಂಕಿಗೆ ಹೋಗಿ ಬಡಿಯುತ್ತೀರಿ. ಸಾಧ್ಯವಾದರೆ ಇನ್ನೊಂದು ಸೀಟ್ ತಂದು ಅದರ ಮೇಲೆ ಪ್ರಯೋಗ ಮಾಡಿ, ಕಂಪನಿ ಸೀಟ್ ಹಾಗೇ ಇರಲಿ. ಕೆಲವು ಗಾಡಿಗಳಿಗೆ ಕಂಪನಿಯವರೇ ತಗ್ಗಿನ ಸೀಟ್ ಮಾರುತ್ತಾರೆ, ಅದನ್ನು ಮೊದಲು ವಿಚಾರಿಸಿ.

ಕೊನೆಗೆ ಸಸ್ಪೆನ್ಶನ್. ತೂಕ ಕಡಿಮೆ ಇರುವವರು ಕೂತರೆ ಗಾಡಿ ಅಷ್ಟಾಗಿ ಕುಸಿಯುವುದಿಲ್ಲ, ಸ್ಪ್ರಿಂಗ್ ಅವರಿಗೆ ಗಟ್ಟಿ. ಹಿಂದಿನ ಶಾಕ್ ಅಬ್ಸಾರ್ಬರ್‌ನ ಪ್ರೀಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿಟ್ಟಿರುವ ಬಿಗಿಯನ್ನು, ಒಂದೆರಡು ಹಲ್ಲು ಸಡಿಲಿಸಿದರೆ ಸೀಟ್ ಸ್ವಲ್ಪ ಇಳಿಯುತ್ತದೆ, ಖರ್ಚೂ ಇಲ್ಲ. ಎರಡು ಶಾಕ್ ಇದ್ದರೆ ಎರಡೂ ಒಂದೇ ಹಲ್ಲಿನಲ್ಲಿರಬೇಕು. ಸವಾರರು ಕೂತಾಗ ಸಸ್ಪೆನ್ಶನ್ ಮೇಲೆ ಕೆಳಗೆ ಆಡುವ ಒಟ್ಟು ದೂರದ ಮೂರನೇ ಒಂದು ಭಾಗದಷ್ಟು ಕುಸಿಯುವುದು ಸರಿಯಾದ ಲೆಕ್ಕ. ಅದಕ್ಕಿಂತ ಜಾಸ್ತಿ ಸಡಿಲಿಸಿದರೆ ಹಂಪ್ ಮೇಲೆ ಧಡ್ ಅಂತ ತಳ ಹಿಡಿಯುತ್ತದೆ.

ಇನ್ನೂ ತಗ್ಗಿಸಬೇಕಾದರೆ ಲೋಯರಿಂಗ್ ಲಿಂಕ್ ಅಥವಾ ಗಿಡ್ಡ ಶಾಕ್. ಲಿಂಕ್ ಹಾಕಲು ಗಾಡಿಯಲ್ಲಿ ಮೊದಲೇ ಲಿಂಕೇಜ್, ಅಂದರೆ ಹಿಂದಿನ ಶಾಕ್ ಅನ್ನು ಚಕ್ರದ ತೋಳಿಗೆ ಜೋಡಿಸುವ ಕೊಂಡಿಗಳು, ಇರಬೇಕು, ಎಷ್ಟೋ ಸಣ್ಣ ಗಾಡಿಗಳಲ್ಲಿ ಇರುವುದಿಲ್ಲ. ಹಿಂದೆ ಮಾತ್ರ ತಗ್ಗಿಸಿದರೆ ಮೂತಿ ಮೇಲೆದ್ದು ಹ್ಯಾಂಡಲ್ ಮಂದವಾಗುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಅದಕ್ಕೆ ಮುಂದಿನ ಫೋರ್ಕ್ ಕೊಳವೆಗಳನ್ನೂ ಕ್ಲಾಂಪ್‌ನಲ್ಲಿ ಮೇಲಕ್ಕೆ ಸರಿಸುತ್ತಾರೆ. ಎಡ ಬಲ ಎರಡೂ ಕೊಳವೆ ಸಮ ಇರಬೇಕು, ಫೋರ್ಕ್ ಪೂರ್ತಿ ಒತ್ತಿದಾಗ ಮಡ್‌ಗಾರ್ಡ್ ಎಲ್ಲೂ ತಾಗಬಾರದು. ಚೈನ್ ಬಿಗಿ ಮತ್ತೆ ನೋಡಿಸಿ. ತಿರುವಿನಲ್ಲಿ ಫುಟ್‌ರೆಸ್ಟ್ ಬೇಗ ಉಜ್ಜುತ್ತದೆ. ನಿಮ್ಮ ಕಡೆಯ ಕಾನೂನು, ಇನ್ಶೂರೆನ್ಸ್ ಇದಕ್ಕೆ ಒಪ್ಪುತ್ತವಾ ಅಂತಲೂ ಮೊದಲೇ ಕೇಳಿಕೊಳ್ಳಿ.

ಇಷ್ಟೆಲ್ಲ ಮಾಡಿಸಿ ಎಲ್ಲರೂ ಮರೆಯುವುದು ಸೈಡ್ ಸ್ಟ್ಯಾಂಡ್. ನನ್ನ ಎರಡನೇ ಬೀಳು ಅದೇ. ಗಾಡಿ ತಗ್ಗಿತು, ಸ್ಟ್ಯಾಂಡ್ ಹಿಂದಿನಷ್ಟೇ ಉದ್ದ. ಅದಕ್ಕೆ ಗಾಡಿ ಎಡಕ್ಕೆ ವಾಲದೆ ಕಂಬದ ಹಾಗೆ ನೆಟ್ಟಗೆ ನಿಂತಿತ್ತು. ನಾನು ಹೆಲ್ಮೆಟ್ ತೆಗೆದು ಕನ್ನಡಿಗೆ ಸಿಕ್ಕಿಸಿದೆ, ಅಷ್ಟಕ್ಕೇ ಬಲಕ್ಕೆ ಮಗುಚಿಕೊಂಡಿತು. ಬ್ರೇಕ್ ಲೀವರ್ ತುದಿ ಮುರಿಯಿತು. ಸ್ಟ್ಯಾಂಡನ್ನೂ ತಕ್ಕಷ್ಟು ಗಿಡ್ಡ ಮಾಡಿಸಿ, ಅಥವಾ ಗಿಡ್ಡ ಸ್ಟ್ಯಾಂಡ್ ಹಾಕಿಸಿ.

ಬಿದ್ದ ಗಾಡಿ ಎತ್ತುವುದನ್ನೂ ಕಲಿತಿರಿ, ಅದಕ್ಕೆ ಎತ್ತರ ಬೇಕಾಗಿಲ್ಲ. ಇಂಜಿನ್ ಆಫ್ ಮಾಡಿ, ಗೇರ್‌ನಲ್ಲಿಡಿ. ಬಲಕ್ಕೆ ಬಿದ್ದಿದ್ದರೆ ಎತ್ತುವ ಮುಂಚೆಯೇ ಸೈಡ್ ಸ್ಟ್ಯಾಂಡ್ ಬಿಡಿಸಿಡಿ. ಹ್ಯಾಂಡಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸಿ, ಸೀಟಿಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಹಿಡಿಕೆ ಹಿಡಿಯಿರಿ. ಬೆನ್ನು ನೇರ ಇರಲಿ. ಕಾಲಿನ ಬಲದಿಂದ ಒತ್ತುತ್ತಾ ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಹಿಂದಕ್ಕೆ ನಡೆಯಿರಿ. ಮುಕ್ಕಾಲು ಎದ್ದ ಮೇಲೆ ಗಾಡಿ ಹಗುರ ಅನ್ನಿಸುತ್ತದೆ. ಅಲ್ಲಿ ಜೋರಾಗಿ ತಳ್ಳಬೇಡಿ, ಆ ಕಡೆಗೆ ಉರುಳಿಬಿಡುತ್ತದೆ.